ಸೋಮವ್ವನ ಶೆಡ್ಡಿಗೆ ನಾನು ತಂದ ಕೀಲಿ

ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ನಾನು ಒಳ್ಳೆಯವನಲ್ಲ. ಓದುತ್ತಾ ಹೋದಂತೆ ಅದು ನಿಮಗೇ ತಿಳಿಯುತ್ತದೆ, ಅದಕ್ಕಿಂತ ನಾನೇ ಹೇಳಿಕೊಳ್ಳುವುದು ಮರ್ಯಾದೆ.

ನನ್ನ ಹೆಸರು ಪರಮೇಶ. ಜಮಖಂಡಿಯಲ್ಲಿ ಮುಧೋಳ ರಸ್ತೆಗೆ ನನ್ನದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಇಪ್ಪತ್ತಾರು ವರ್ಷದಿಂದ ಬೇರಿಂಗು, ಬೆಲ್ಟು, ಗ್ಯಾಸ್ಕೆಟ್ಟು ಮಾರಿಕೊಂಡು ಬದುಕಿದ್ದೇನೆ. ರಸ್ತೆಯಾಚೆ, ನನ್ನ ಅಂಗಡಿಗೆ ಸರಿಯಾಗಿ ಎದುರಿಗೆ, ಒಂದು ತಗಡಿನ ಶೆಡ್ಡು. ಅದರ ಮೇಲೆ ‘ಸಿದರಾಯ ಗ್ಯಾರೇಜ್’ ಎಂಬ ಬೋರ್ಡು. ಆ ಶೆಡ್ಡಿನ ಮೇಲೆ ನನಗೆ ಕಣ್ಣಿತ್ತು. ನನ್ನ ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲ. ಟೈರು ಇಡಲು ಒಂದು ಗೋಡೌನು ಬೇಕಾಗಿತ್ತು.

ಸಿದರಾಯ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ಹೆಂಡತಿ ಸೋಮವ್ವ ಶೆಡ್ಡು ಮುಚ್ಚುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ದಿನಕರ್ಮ ಮುಗಿದ ಮರುದಿನ ನಾನು ಶಟರ್ ಎತ್ತುತ್ತಾ ನೋಡಿದರೆ, ಆಕೆ ಇಳಕಲ್ ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟು, ತೋಳು ಮಡಚಿಕೊಂಡು, ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಕೂತಿದ್ದಳು. ನಾನು ರಸ್ತೆ ದಾಟಿ ಹೋದೆ.

“ಏನ ಸೋಮಕ್ಕ ಇದು?”

“ಕ್ಲಚ್.”

“ಅದು ನನಗ ಗೊತ್ತೈತಿ. ನೀ ಯಾಕ ಬಿಚ್ಚಾಕತ್ತಿ?”

“ಕೆಟ್ಟೈತಿ, ಅದಕ್ಕ.”

ಇದು ಆಕೆಯ ಮಾತಿನ ರೀತಿ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಕೇಳಬೇಕಾಗಿರಲಿಲ್ಲ ಎಂದು ನಿಮಗೇ ಅನ್ನಿಸುತ್ತದೆ.

ಸೋಮವ್ವ ಸಾವಳಗಿಯ ಕುರುಬರ ಮನೆಯವಳು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಕುರಿಗಳ ಬೆನ್ನು ಹತ್ತಿದಳು. ರೋಗ ಬಂದ ಕುರಿಯ ಪಕ್ಕೆಗೆ ಕಿವಿ ಕೊಟ್ಟು, ಉಸಿರು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳುತ್ತಿದ್ದಳಂತೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಜಮಖಂಡಿಗೆ ಬಂದಳು. ಒಬ್ಬಳೇ ಮಗಳು, ಅವಳನ್ನು ತೇರದಾಳಕ್ಕೆ ಕೊಟ್ಟಾಗಿದೆ. ಸಿದರಾಯ ಈ ಕಡೆಯ ಒಳ್ಳೆಯ ಗಾಡಿ ಮಿಸ್ತ್ರಿ. ಕೈ ಬಂಗಾರ, ಬಾಯಿ ಮಾತ್ರ ಹೊಲಸು. ಅವನ ಬಲಭಾಗಕ್ಕೆ ಲಕ್ವ ಹೊಡೆದಾಗ ಗ್ಯಾರೇಜು ಮುಗಿಯಿತು ಎಂದುಕೊಂಡೆವು. ಅವನು ಶೆಡ್ಡಿನೊಳಗೆ ಮಂಚ ಹಾಕಿಸಿಕೊಂಡು ಬಾಯಿಂದ ಕೆಲಸ ಹೇಳತೊಡಗಿದ, ಇವಳು ಕೈಯಿಂದ ಮಾಡತೊಡಗಿದಳು. ಒಂಬತ್ತು ವರ್ಷ ಹಾಗೆ ನಡೆಯಿತು. ಸಿಟ್ಟು ಬಂದರೆ ಅವನು ಎಡಗೈಯಲ್ಲಿ ಪಾನಾ, ಅಂದರೆ ಸ್ಪ್ಯಾನರು, ಬೀಸಿ ಒಗೆಯುತ್ತಿದ್ದ. ಇವಳು ಅದನ್ನು ಹೆಕ್ಕಿ, ಅರಿವೆಯಿಂದ ಒರೆಸಿ, ವಾಪಸು ಮಂಚದ ಮೇಲಿಟ್ಟು, “ಹತ್ತು ನಂಬರ್ ಒಗದೀರಿ. ನನಗ ಬೇಕಾಗಿದ್ದು ಹನ್ನೆರಡು” ಎನ್ನುತ್ತಿದ್ದಳು. ನಾನು ಎದುರಿನ ಅಂಗಡಿಯಲ್ಲಿ ಕೂತು ಎಷ್ಟು ಸಲ ನಕ್ಕಿದ್ದೇನೋ.

ಗಂಡ ಹೋದ ಮೇಲೆ ಒಂದು ಸಾಮಾನು ತರಲು ಮುಧೋಳಕ್ಕೆ ಹೋಗಿದ್ದಳು. ಅಲ್ಲಿಯ ಅಂಗಡಿಯವನು, “ನಿಮ್ಮನ್ನ ಯಾರ ಕಳಿಸ್ಯಾರವ್ವಾ?” ಎಂದು ಕೇಳಿದನಂತೆ.

“ನಾನ ಕಳಿಸೇನಿ” ಎಂದಳಂತೆ.

ಇಂಥವಳ ಶೆಡ್ಡಿನ ಮೇಲೆ ನಾನು ಕಣ್ಣು ಹಾಕಿದ್ದು. ನನಗೆ ಬುದ್ಧಿ ಇರಲಿಲ್ಲ ಎನ್ನಿ, ಒಪ್ಪುತ್ತೇನೆ.

ಶೆಡ್ಡು ನಿಂತ ಜಾಗ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿತ್ತು. ಸಿದರಾಯನ ತಮ್ಮ ಗಿರಿಮಲ್ಲಪ್ಪ ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡಿದ್ದಾನೆ. ಅವನಿಗೂ ನನಗೂ ಮಾತಾಗಿತ್ತು. ವೈನಿಯನ್ನು, ಅಂದರೆ ಅತ್ತಿಗೆ ಸೋಮವ್ವನನ್ನು, ಅಲ್ಲಿಂದ ಎಬ್ಬಿಸಿದರೆ ಶೆಡ್ಡು ನನಗೆ ಬಾಡಿಗೆಗೆ. ಹೋದ ವರ್ಷ ಯುಗಾದಿ ಮುಗಿದ ಮೇಲಿನ ಒಂದು ರವಿವಾರ ಮುಂಜಾನೆ, ಅವನು ನಾಲ್ಕು ಜನ ಹಿರಿಯರನ್ನು ಕರೆದು ಶೆಡ್ಡಿನ ಮುಂದಿನ ಬೇವಿನ ಗಿಡದ ಕೆಳಗೆ ಕೂಡಿಸಿದ. ಎದುರಿನವನೆಂದು ನಾನೂ ಹೋಗಿ ಕೂತೆ. ಒಳ್ಳೆಯ ಮನುಷ್ಯನ ಹಾಗೆ ಮುಖ ಮಾಡಿಕೊಂಡು ಕೂತಿದ್ದೆ.

ಹಿರಿಯರಲ್ಲಿ ಹಿರಿಯ ಮುದಕಪ್ಪ ಕಾಕಾ ಇನ್ನೂ ಬಂದಿರಲಿಲ್ಲ. ಪಶು ವೈದ್ಯ ಇಲಾಖೆಯಲ್ಲಿ ಮೂವತ್ತು ವರ್ಷ ನೌಕರಿ ಮಾಡಿ ನಿವೃತ್ತರಾದವರು. ಕುರಿ ಹಟ್ಟಿಗಳನ್ನು ತಿರುಗಿ ಸೂಜಿ ಹಾಕಿದ ಹಳೆಯ ಪೆಟ್ರೋಲ್ ಜೀಪನ್ನೇ ಆಮೇಲೆ ಹರಾಜಿನಲ್ಲಿ ಕೊಂಡುಕೊಂಡವರು. ಮುಕ್ಕಾಲು ತಾಸು ತಡವಾಗಿ ಆ ಜೀಪು ಬಂತು. ಎಂಜಿನ್ನು ಒಮ್ಮೆ ಜೋರಾಗಿ ಕೂಗುತ್ತದೆ, ಒಮ್ಮೆ ಸಾಯುವ ಹಾಗೆ ಇಳಿಯುತ್ತದೆ, ಮತ್ತೆ ಕೂಗುತ್ತದೆ. ಕಾಕಾ ಪೆಡಲಿನಿಂದ ಕಾಲು ಎತ್ತಿದ್ದೇ ತಡ, ಕೆಮ್ಮಿ ಬಂದ್ ಬಿತ್ತು.

“ದಾರ್ಯಾಗ ನಾಕ ಸಲ ಬಂದ್ ಬಿತ್ತು” ಎನ್ನುತ್ತಾ ಕಾಕಾ ಇಳಿದರು. “ಜಮಖಂಡಿ, ಮುಧೋಳ, ಬೀಳಗಿ, ಮೂರೂ ಕಡೆ ತೋರಿಸೇನಿ. ಎಲ್ಲಾರೂ ಕಾರ್ಬೊರೇಟರ್ ಅಂತಾರ, ತೊಳದು, ಒಂದ ಗ್ಯಾಸ್ಕೆಟ್ ಹಾಕಿ ಬಿಗದ ಕಳಸ್ತಾರ. ಇನ್ನ ಗುಜರಿಗೆ ಹಾಕೂದ.”

ಮಾತು ಶುರುವಾಯಿತು. ಗಿರಿಮಲ್ಲಪ್ಪ ಚೆನ್ನಾಗಿ ತಯಾರಾಗಿ ಬಂದಿದ್ದ.

“ಅಣ್ಣ ಇದ್ದಾಗ ಇದು ಗ್ಯಾರೇಜ್ ಇತ್ತರಿ. ನಾ ಒಂದ ದಿನಾ ಮಾತಾಡಲಿಲ್ಲ. ಈಗ ಮಿಸ್ತ್ರಿನ ಇಲ್ಲ ಅಂದ ಮ್ಯಾಲ ಗ್ಯಾರೇಜ್ ಎಲ್ಲೀದು? ವೈನಿ ಮಗಳ ಮನಿಗಿ ತೇರದಾಳಕ್ಕ ಹೋಗಲಿ, ಆರಾಮ ಇರಲಿ. ಹೆಂಗಸ್ರ ಕೆಲಸ ಅಲ್ಲಿದು.”

ಸೋಮವ್ವ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ನಿಂತಿದ್ದಳು.

“ಮಿಸ್ತ್ರಿ ಇಲ್ಲಂತ ಯಾರ ಹೇಳಿದ್ರು ನಿನಗ?”

“ನೀ ಮಿಸ್ತ್ರಿ ಏನ? ಅಣ್ಣ ಹೇಳತಿದ್ದ, ನೀ ತಿರುವತಿದ್ದಿ. ಅಷ್ಟ.”

ನಾಲ್ಕೂ ಜನ ಹಿರಿಯರು ನೆಲ ನೋಡಿದರು. ಅವರಿಗೂ ಒಳಗೊಳಗೆ ಅದೇ ಅನಿಸಿಕೆ ಇತ್ತು. ನನಗೂ ಇತ್ತು. ಸೋಮವ್ವ ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡು ಬಂದಳು. ನನ್ನ ಮುಖದ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು. ಆಮೇಲೆ ಜೀಪಿನತ್ತ ಕೈ ಮಾಡಿದಳು.

“ಕಾಕಾರ, ಮೂರು ಊರಿನ ಗಂಡಸ್ರು ಕೈ ಬಿಟ್ಟ ಗಾಡಿ ಅಲ್ಲೇನ್ರಿ ಇದು? ನನಗ ಬಿಡ್ರಿ. ಬರೂ ರವಿವಾರ ಇದ ಹೊತ್ತಿಗಿ ನೀವು ಇಂಜಿನ್ ಚಾಲೂ ಇಟ್ಟು, ಇಳಿದು ಹೋಗಿ, ಎದುರಿನ ಹೋಟೆಲ್‌ದಾಗ ಚಾ ಕುಡದು ಬರ್ರಿ. ಅಷ್ಟರಾಗ ಬಂದ್ ಬಿತ್ತಂದ್ರ ಶೆಡ್ಡಿನ ಕೀಲಿಕೈ ಇವನ ಕೈಯಾಗ ಕೊಡತೇನಿ. ಬೀಳಲಿಲ್ಲಂದ್ರ ಇವಾ ಮತ್ತ ಈ ಶೆಡ್ಡಿನ ಮಾತು ಎತ್ತಬಾರದು.”

“ಆತು” ಎಂದ ಗಿರಿಮಲ್ಲಪ್ಪ. ಆ ಜೀಪಿನ ಕೂಗು ಅವನೂ ಕೇಳಿದ್ದನಲ್ಲ.

ಕಾಕಾ ಇಬ್ಬರನ್ನೂ ನೋಡಿ ಜೇಬಿನಿಂದ ಭಂಡಾರದ ಚೀಲ ತೆಗೆದರು. ಬೀರೇಶ್ವರನ ಒಕ್ಕಲಿಗೆ ಭಂಡಾರ ಎಂದರೆ ಬರೀ ಅರಿಷಿಣದ ಪುಡಿಯಲ್ಲ. ಅದನ್ನು ಮುಟ್ಟಿ ಆಡಿದ ಮಾತಿಗೆ ಹಿಂದೆ ಸರಿಯುವಂತಿಲ್ಲ. ಇಬ್ಬರ ಅಂಗೈಗೂ ಒಂದೊಂದು ಹಿಡಿ ಹಾಕಿದರು, ಇಬ್ಬರೂ ಆಣೆ ಮಾಡಿದರು. ಗಿರಿಮಲ್ಲಪ್ಪ ಒಂದಿಷ್ಟು ಹಣೆಗೆ ಹಚ್ಚಿಕೊಂಡು ಉಳಿದದ್ದನ್ನು ಬೇವಿನ ಬುಡಕ್ಕೆ ಹಾಕಿದ. ಸೋಮವ್ವ ತನ್ನ ಪಾಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಅಂದು ಮಧ್ಯಾಹ್ನವೇ ನಾನು ಹೋಗಿ ಶೆಡ್ಡಿಗೆಂದು ಒಂದು ಹೊಸ ಕೀಲಿ ತಂದೆ. ಏಳು ಲಿವರಿನ ದೊಡ್ಡ ಬೀಗ, ಎರಡು ಕೀಲಿಕೈ. ಒಂದು ಕೀಲಿಕೈ ಜೇಬಿಗೆ ಹಾಕಿ, ಉಳಿದದ್ದನ್ನು ಕೌಂಟರಿನ ಗಾಜಿನ ಕೆಳಗಿನ ಅರೆಯಲ್ಲಿ ಇಟ್ಟುಕೊಂಡೆ.

ಮೊದಲ ಎರಡು ದಿನ ಆಕೆ ಪಾನಾ ಮುಟ್ಟಲಿಲ್ಲ. ಬರೀ ಕೇಳಿದಳು. ಕಾಕಾ ಪೆಡಲಿನ ಮೇಲೆ ಕಾಲಿಟ್ಟು ಎಂಜಿನ್ನು ಜೀವಂತ ಇಟ್ಟಿರುತ್ತಿದ್ದರು. ಇವಳು ಒಂದು ರಬ್ಬರ್ ನಳಿಕೆಯ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಪಕ್ಕೆಯ ಉದ್ದಕ್ಕೂ ಆಡಿಸುತ್ತಿದ್ದಳು. ಎರಡನೆಯ ದಿನ ಒಂದು ಕಡೆ ಕೈ ನಿಂತಿತು.

“ಕಾಕಾರ, ಕುರಿ ಪುಪ್ಪಸದಾಗ ಕೇಳತಿತ್ತಲ್ಲ, ಸುಂಯ್ ಅಂತ, ಅದ ಐತ್ರಿ ಇಲ್ಲಿ.”

ಅದು ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವ ಜಾಗ. ತಿಳಿಯದವರಿಗೆ ಹೇಳುತ್ತೇನೆ. ಕಾರ್ಬೊರೇಟರಿನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಯುತ್ತದೆ. ಆ ಬೆರಕೆಯನ್ನು ಎಂಜಿನ್ನಿನ ಬಾಯಿಗಳಿಗೆ ಹಂಚುವ ಅಲ್ಯೂಮಿನಿಯಂ ಕೊಳವೆಯೇ ಮ್ಯಾನಿಫೋಲ್ಡ್. ಕೂಡುವ ಜಾಗದಲ್ಲಿ ಸಂದಿ ಬಿಟ್ಟರೆ ಎಂಜಿನ್ನು ಅಲ್ಲಿಂದಲೂ ಬರೀ ಗಾಳಿ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಸಾಲದೆ ಏದುತ್ತದೆ.

ಸೋಮವ್ವ ಎಣ್ಣೆ ಕ್ಯಾನಿನಿಂದ ಆ ಸಂದಿಗೆ ನಾಲ್ಕು ಹನಿ ಬಿಟ್ಟಳು. ಏದುತ್ತಿದ್ದ ಎಂಜಿನ್ನು ಅರೆಗಳಿಗೆ ಶಾಂತವಾಯಿತು. ಹಿಂದೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಆಮೇಲೆ ಮತ್ತೆ ಮೊದಲಿನ ಕೂಗು.

“ಎಣ್ಣಿ ಕುಡೀತು ನೋಡ್ರಿ. ಎಣ್ಣಿ ಹೋಗೂ ಸಂದ್ಯಾಗ ಗಾಳಿ ಹೋಗೂದಿಲ್ಲೇನು? ಮೂರು ಊರಾಗ ಕಾರ್ಬೊರೇಟರ್ ತೊಳದಾರ, ಪಾಪ, ಅದೇನ ತಪ್ಪ ಮಾಡಿತ್ತು.”

ಬುಧವಾರ ಮ್ಯಾನಿಫೋಲ್ಡ್ ಬಿಚ್ಚಿದಳು. ಬಿಚ್ಚಿದ ಮೇಲೆ ನನ್ನನ್ನು ಕರೆದು ತೋರಿಸಿದಳು. ಒಂದರ ಮೇಲೊಂದು ಮೂರು ಗ್ಯಾಸ್ಕೆಟ್ಟು, ನಡುನಡುವೆ ಗಟ್ಟಿಯಾದ ಪೇಸ್ಟು. ಮೂರೂ ನನ್ನ ಅಂಗಡಿಯ ಮಾಲೇ, ಇಷ್ಟು ಹಳೆಯ ಜೀಪಿನದು ಮೂರೂ ಊರಿಗೆ ನನ್ನಲ್ಲೇ ಸಿಗುವುದು. ಒಬ್ಬೊಬ್ಬ ಮಿಸ್ತ್ರಿ ಬಂದು ಒಯ್ದಾಗಲೂ ನಾನೇ, “ಪೇಸ್ಟ್ ಹಚ್ಚಿ ಛಲೋ ಬಿಗಿ, ಎಲ್ಲಿ ಹೊಕ್ಕತೈತಿ” ಎಂದು ಹೇಳಿ ಕಳಿಸಿದ್ದೆ. ಅದೆಲ್ಲವನ್ನೂ ಆಕೆ ಹೆರೆದು ತೆಗೆದು, ನನ್ನ ಅಂಗಡಿಗೆ ಬಂದಳು.

“ಪರಮೇಶಣ್ಣ, ಬ್ಲೂ ಒಂದ ಟ್ಯೂಬ್ ಕೊಡು.”

ಬ್ಲೂ ಎಂದರೆ ಒಂದು ನೀಲಿ ಬಣ್ಣ. ಸಪಾಟಾದ ಗಾಜಿಗೆ ತೆಳ್ಳಗೆ ಸವರಿ, ಅದರ ಮೇಲೆ ಕಬ್ಬಿಣವನ್ನೋ ಅಲ್ಯೂಮಿನಿಯಮ್ಮನ್ನೋ ಆಡಿಸಿದರೆ ಉಬ್ಬಿದ ಜಾಗಕ್ಕೆ ಬಣ್ಣ ಹತ್ತುತ್ತದೆ, ತಗ್ಗು ಹಾಗೇ ಉಳಿಯುತ್ತದೆ.

“ಸ್ಟಾಕ್ ಇಲ್ಲ” ಎಂದೆ.

ಇತ್ತು. ಕೌಂಟರಿನ ಗಾಜಿನ ಕೆಳಗೆ, ಹೊಸ ಕೀಲಿಯ ಪಕ್ಕದಲ್ಲೇ ಇತ್ತು, ಬಿಲ್ ಬುಕ್ಕಿನ ಮರೆಗೆ. ಗೋಡೌನಿನ ಆಸೆ ಎಂಥ ಮಾತು ಆಡಿಸುತ್ತದೆ ನೋಡಿ. ಆ ಟ್ಯೂಬು ಮಾರಿದ್ದರೆ ನನಗೆ ನಾಲ್ಕು ಕಾಸು ಲಾಭವೇ ಇತ್ತು.

ಆಕೆ ಕೌಂಟರಿನ ಮೇಲೆ ಅಂಗೈ ಆಡಿಸಿದಳು. ಆಮೇಲೆ, “ಹೋಗ್ಲಿ ಬಿಡು. ಈ ಗ್ಲಾಸರ ಕೊಡು, ನಾಕ ದಿನದಾಗ ತಂದ ಕೊಡತೇನಿ” ಎಂದು ನನ್ನ ಕೌಂಟರಿನ ಮೇಲಿನ ದಪ್ಪ ಗಾಜನ್ನು ಬಡಿದು ತೋರಿಸಿದಳು. ನಾನು ಹೂಂ ಅನ್ನುವ ಮೊದಲೇ ಬಿಲ್ ಬುಕ್ಕು, ಕ್ಯಾಲ್ಕುಲೇಟರು, ಗಣಪತಿ, ಎಲ್ಲವನ್ನೂ ಸ್ಟೂಲಿನ ಮೇಲೆ ಎತ್ತಿಟ್ಟು ಗಾಜನ್ನು ಕಿತ್ತು ನಿಲ್ಲಿಸಿಬಿಟ್ಟಳು. ಕೆಳಗಿನ ಅರೆ ಬಯಲಾಯಿತು. ಅಲ್ಲಿ ಬ್ಲೂ ಟ್ಯೂಬು. ಅದರ ಪಕ್ಕ ಕವರಿನಲ್ಲಿದ್ದ ಹೊಸ ಕೀಲಿ. ಸೋಮವ್ವ ಎರಡನ್ನೂ ನೋಡಿದಳು. ನನ್ನನ್ನು ನೋಡಿದಳು. ಗಾಜನ್ನು ಹೆಗಲಿಗೆ ಆನಿಸಿಕೊಂಡು ರಸ್ತೆ ದಾಟಿದಳು.

ಬೈದಿದ್ದರೆ ಚೆನ್ನಾಗಿತ್ತು. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಊಟ ಬಿಟ್ಟು ನೋಡುತ್ತಾ ಕೂತೆ. ಆಕೆ ಗಾಜನ್ನು ಬೆಂಚಿನ ಮೇಲೆ ಹಾಸಿದಳು. ಸೆರಗಿನ ಗಂಟು ಬಿಚ್ಚಿದಳು. ಆಣೆ ಮಾಡಿದ ಅದೇ ಭಂಡಾರ. ಅದನ್ನು ಕಣ್ಣಿಗೆ ಒತ್ತಿಕೊಂಡು, ಎಣ್ಣೆಯಲ್ಲಿ ಕಲಸಿ, ಬೆರಳಿನಿಂದ ಗಾಜಿನ ಮೇಲೆ ತೆಳ್ಳಗೆ ಸವರಿದಳು. ಮ್ಯಾನಿಫೋಲ್ಡಿನ ಮುಖವನ್ನು ಅದರ ಮೇಲಿಟ್ಟು ಮೆಲ್ಲಗೆ ಹಿಂದೆ ಮುಂದೆ ಆಡಿಸಿ, ಎತ್ತಿ, ತಿರುವಿ ನೋಡಿದಳು.

ನನಗೆ ತಡೆಯಲಾಗಲಿಲ್ಲ. ರಸ್ತೆ ದಾಟಿ ಹೋದೆ. ಬೋಲ್ಟಿನ ತೂತುಗಳ ಸುತ್ತ ಮಾತ್ರ ಹಳದಿ ಹತ್ತಿತ್ತು. ಗಾಳಿ ಹೋಗುವ ಬಾಯಿಗಳ ಸುತ್ತ ಹಳದಿಯ ಸುಳಿವಿಲ್ಲ.

“ಬೋಲ್ಟ್ ಇದ್ದಲ್ಲಿ ಉಬ್ಬೇತಿ” ಎಂದೆ.

“ಉಬ್ಬೂದಿಲ್ಲೇನ ಮತ್ತ? ಸೋರತೈತಿ ಅಂತ ಒಬ್ಬ ಬಿಗದಾ. ಮತ್ತೂ ಸೋರತೈತಿ ಅಂತ ಇನ್ನೊಬ್ಬ ಇನ್ನಷ್ಟು ಬಿಗದಾ. ಕೆಳಗ ಮೆತ್ತನ್ನ ಗ್ಯಾಸ್ಕೆಟ್ ಮೂರು. ಬಿಗದ ಬಿಗದ ಸೊಟ್ಟ ಮಾಡ್ಯಾರ. ಸೊಟ್ಟ ಆತಂತ ಮತ್ತ ಇದನ್ನ ಬೈತಾರ.”

ಆಕೆ ಹೇಳಿದ್ದು ಮ್ಯಾನಿಫೋಲ್ಡಿನ ಬಗ್ಗೆಯೇ. ಆದರೂ ನಾನು ಅಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ.

ಉಬ್ಬಿದ ಜಾಗವನ್ನು ಕಾನಸು, ಅಂದರೆ ಅರ, ಹಿಡಿದು ಉಜ್ಜುವುದು, ಗಾಜಿನ ಮೇಲೆ ಪಾಲಿಶ್ ಪೇಪರ್ ಹಾಸಿ ತಿಕ್ಕುವುದು, ಒರೆಸಿ ಭಂಡಾರದ ಮೇಲೆ ಆಡಿಸಿ ನೋಡುವುದು, ಮತ್ತೆ ಕಾನಸು. ಬುಧವಾರ, ಗುರುವಾರ, ಶುಕ್ರವಾರ ಇದೇ ಕೆಲಸ. ಜೋರು ಹಾಕಿದರೆ ತಗ್ಗು ಬೀಳುತ್ತದೆ, ತಗ್ಗು ಬಿದ್ದರೆ ಮುಗಿಯಿತು. ಆ ಜೀಪಿಗೆ ಹೊಸ ಮ್ಯಾನಿಫೋಲ್ಡ್ ಈಗ ಎಲ್ಲಿಯೂ ಸಿಗುವುದಿಲ್ಲ. ಆಕೆಯ ಬೆರಳು, ಉಗುರು, ಖಾಕಿ ಅಂಗಿಯ ತೋಳು, ಎಲ್ಲಾ ಹಳದಿ.

ಶನಿವಾರ ಗಿರಿಮಲ್ಲಪ್ಪ ಕೆಲಸ ಎಲ್ಲಿಗೆ ಬಂತು ನೋಡೋಣ ಎಂದು ಬನಹಟ್ಟಿಯಿಂದ ಬಂದ. ಗಾಜಿನ ಮೇಲಿನ ಹಳದಿ ಕಂಡು ಅವನ ದನಿ ಏರಿತು.

“ಏನಿದು ವೈನಿ? ದೇವರ ಭಂಡಾರ ಒಯ್ದು ಇಂಜಿನ್ನಿಗಿ ಹಚ್ಚಿಯಲ್ಲ. ಆಣಿ ಮಾಡಿದ್ದನ್ನ ಮೈಲಿಗಿ ಮಾಡಿದಿ. ನಾಳೆ ಹಿರಿಯಾರ ಮುಂದ ಇದನ್ನೂ ಹೇಳತೇನಿ.”

ಜೀಪಿನ ಗತಿ ಕೇಳಲು ಬಂದಿದ್ದ ಮುದಕಪ್ಪ ಕಾಕಾ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಸೋಮವ್ವ ಕಾನಸು ಕೆಳಗಿಟ್ಟಳು.

“ನಮ್ಮಪ್ಪ ಕುರಿ ಗಾಯಕ್ಕ ಭಂಡಾರ ಹಚ್ಚತಿದ್ದ. ಹುಳಾ ಬಿದ್ದ ಗಾಯಕ್ಕ. ಉಣ್ಣೆ ಕತ್ತರಸೂ ಮುಂದ ಕತ್ತರಿಗಿ ಹಚ್ಚತಿದ್ದ. ಯಾವ ದೇವರೂ ಸಿಟ್ಟ ಮಾಡಲಿಲ್ಲ. ನೀ ನಿನ್ನ ಪಾಲಿಂದು ಬೇವಿನ ಬುಡಕ್ಕ ಚೆಲ್ಲಿ ಹೋದಿ. ನಾ ನನ್ನ ಪಾಲಿನ್ಯಾಗ ದುಡದೇನಿ. ನಾಳೆ ಹಿರಿಯಾರ ಮುಂದ ಎರಡೂ ಹೇಳು.”

ಗಿರಿಮಲ್ಲಪ್ಪ ಕಾಕಾರ ಕಡೆ ನೋಡಿದ. ಕಾಕಾ ಮ್ಯಾನಿಫೋಲ್ಡನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಈ ತುದಿಯಿಂದ ಆ ತುದಿಯವರೆಗೆ, ಪ್ರತಿ ಬಾಯಿಯ ಸುತ್ತ, ಒಂದೇ ಸಮ ಹಳದಿ.

“ನನ್ನ ಹಣಿ ಮ್ಯಾಲೂ ಇಷ್ಟ ಛಲೋ ಹತ್ತಿಲ್ಲ ನೋಡು” ಎಂದು ಗಿರಿಮಲ್ಲಪ್ಪನ ಕೈಗೆ ಕೊಟ್ಟರು.

ಸಂಜೆ ಜೋಡಿಸಿದಳು. ಗ್ಯಾಸ್ಕೆಟ್ಟು ಒಂದೇ, ತೆಳುವಾದದ್ದು, ಹಾಳೆಯನ್ನು ಇಟ್ಟು ಸುತ್ತಿಗೆಯಿಂದ ಅಂಚು ಬಡಿದು ತಾನೇ ಕತ್ತರಿಸಿಕೊಂಡದ್ದು. ಪೇಸ್ಟಿಲ್ಲ. ನಟ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ, ಸ್ವಲ್ಪ ಸ್ವಲ್ಪವೇ ತಿರುವಿದಳು. ಪಾನಾಕ್ಕೆ ಎರಡೇ ಬೆರಳಿನ ಜೋರು.

“ಇನ್ನಷ್ಟ ಬಿಗಿ” ಎಂದ ಗಿರಿಮಲ್ಲಪ್ಪ, ಅಭ್ಯಾಸದಂತೆ.

“ಸಾಕು” ಎಂದಳು ಸೋಮವ್ವ.

ರವಿವಾರ ಮುಂಜಾನೆ ಬೇವಿನ ಗಿಡದ ಕೆಳಗೆ ಮತ್ತೆ ಅದೇ ಜನ. ಎದುರಿನ ಹೋಟೆಲಿನವನೂ ಹೊರಗೆ ಬಂದು ನಿಂತಿದ್ದ. ಕಾಕಾ ಚಾವಿ ತಿರುವಿದರು. ಜೀಪು ಒಂದೇ ಸಲಕ್ಕೆ ಹತ್ತಿತು, ಹತ್ತಿದ್ದೇ ಕಿವಿ ಹರಿಯುವ ಹಾಗೆ ಕೂಗತೊಡಗಿತು. ಕಾಲು ಪೆಡಲಿನ ಮೇಲಿಲ್ಲ, ಆದರೂ ಕೂಗು ಏರುತ್ತಲೇ ಇದೆ. ಗಿರಿಮಲ್ಲಪ್ಪನ ಮುಖದಲ್ಲಿ ನಗು ಮೂಡಿತು. ನಾನು ಮಾತ್ರ ಒಳಗೊಳಗೇ, ‘ಬಂದ್ ಬೀಳಬ್ಯಾಡ’ ಎಂದು ಜೀಪಿಗೆ ಹೇಳುತ್ತಿದ್ದೆ. ಆಗಲೇ ನನಗೆ ಗೊತ್ತಾದದ್ದು, ನಾನು ಯಾರ ಕಡೆ ಆಗಿಬಿಟ್ಟಿದ್ದೇನೆ ಎಂದು.

ಸೋಮವ್ವ ಅವಸರ ಮಾಡಲಿಲ್ಲ. ಬಾನೆಟ್ಟಿನೊಳಗೆ ಬಾಗಿದಳು.

“ಸೋರೂದು ಕಾಣಬಾರದಂತ ಮೂರೂ ಮಂದಿ ಸ್ಕ್ರೂ ತಿರುವಿ ರೇಸ್ ಏರಿಸಿ ಇಟ್ಟಾರ. ಈಗ ಸೋರಂಗಿಲ್ಲ, ಅದಕ್ಕ ಒದರಾಕತ್ತೇತಿ” ಎಂದಳು.

ಸ್ಕ್ರೂಡ್ರೈವರ್ ಇಟ್ಟು ಒಂದು ಸುತ್ತು ತಿರುವಿದಳು. ಕೂಗು ಇಳಿಯಿತು. ಇನ್ನೊಂದು ಸುತ್ತು. ಇನ್ನೂ ಇಳಿಯಿತು. ಅರ್ಧ ಸುತ್ತು. ಎಂಜಿನ್ನು ಒಂದೇ ಹದಕ್ಕೆ ನಿಂತಿತು. ಏರಿಳಿತವಿಲ್ಲ. ಬೇವಿನ ಗಿಡದ ಹಕ್ಕಿಗಳ ಸದ್ದು ಮತ್ತೆ ಕೇಳತೊಡಗಿತು.

“ಕಾಕಾರ, ಚಾ ಕುಡದ ಬರ್ರಿ.”

ಮುದಕಪ್ಪ ಕಾಕಾ ಕೆಳಗಿಳಿದರು. ಎಂಜಿನ್ನು ಚಾಲೂ ಇದ್ದ ಜೀಪಿನಿಂದ ಅವರು ಇಳಿದದ್ದನ್ನು ನಾನು ನೋಡಿ ಎಷ್ಟೋ ವರ್ಷಗಳಾಗಿದ್ದವು. ರಸ್ತೆ ದಾಟಿ ಹೋಟೆಲಿನ ಬೆಂಚಿನ ಮೇಲೆ ಕೂತರು. ಚಾ ಬಂತು. ಬಸಿಗೆ ಸುರಿದುಕೊಂಡು ಆರಿಸಿ ಆರಿಸಿ ಕುಡಿದರು. ಬೇಕೆಂದೇ ಸಾವಕಾಶ ಮಾಡುತ್ತಿದ್ದರು, ಆ ಮುದುಕನ ಕುಶಾಲು ನನಗೆ ಗೊತ್ತು. ಎರಡನೇ ಕಪ್ಪು ತರಿಸಿದರು. ಗಿರಿಮಲ್ಲಪ್ಪ ಸೈಲೆನ್ಸರಿನ ಹಿಂದೆ ಹೋಗಿ ನಿಂತು ಹೊಗೆ ಬರುತ್ತದೇನೋ ಎಂದು ಕಾದ. ಸೋಮವ್ವ ಬೆನ್ನು ಮಾಡಿ ಪಾನಾಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದಳು. ನೋಡಲೇ ಇಲ್ಲ, ಕೇಳುತ್ತಿದ್ದಳು.

ಕಾಕಾ ಬಂದರು. ಎಂಜಿನ್ನು ನಡೆದೇ ಇತ್ತು. ಹತ್ತಿ ಕೂತು, ಚಾವಿ ತಿರುವಿ ತಾವೇ ಬಂದ್ ಮಾಡಿದರು.

“ಗಿರಿಮಲ್ಲಪ್ಪ, ಮಾತು ಮುಗೀತಲ್ಲೋ” ಎಂದರು.

ಗಿರಿಮಲ್ಲಪ್ಪನ ಮುಖ ಸಣ್ಣದಾಗಿತ್ತು. ಆದರೂ ದೊಡ್ಡ ಮನುಷ್ಯನ ಹಾಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, “ಆತ ಬಿಡ್ರಿ. ವೈನಿ, ಶೆಡ್ಡ ನಿನಗ ಬಿಟ್ಟಕೊಟ್ಟೆ” ಎಂದ.

“ನೀ ಏನೂ ಕೊಟ್ಟಿಲ್ಲ, ಗಿರಿಮಲ್ಲ” ಎಂದಳು ಸೋಮವ್ವ. “ಹನ್ನೆರಡ ವರ್ಷ ಇಲ್ಲಿ ತಿರುವಿದ ಕೈ ಇವು. ಮೊದಲ ಹೇಳೂವ ಬಾಯಿ ನಿಮ್ಮಣ್ಣಂದಿತ್ತು, ಈಗ ಅದೂ ನಂದ. ಕೊಟ್ಟೆ ಅನ್ನೂ ಮಾತು ಊರಾಗ ಎಲ್ಲೂ ಆಡಬ್ಯಾಡ. ಭಂಡಾರ ಮುಟ್ಟೀದಿ.”

ಅವನು ಬೈಕು ಹತ್ತಿ ಹೋದ. ಹಿರಿಯರೂ ಎದ್ದರು. ನಾನು ಮೆಲ್ಲಗೆ ರಸ್ತೆ ದಾಟಿ ನನ್ನ ಅಂಗಡಿ ಸೇರಿಕೊಂಡೆ. ಗಾಜಿಲ್ಲದ ಕೌಂಟರಿನ ಮುಂದೆ, ಬಯಲಾದ ಅರೆಯ ಮೇಲೆ ಒಂದು ಹಳೆಯ ಪೇಪರು ಹೊದಿಸಿ ಕೂತೆ.

ಅರ್ಧ ತಾಸಿನ ಮೇಲೆ ಸೋಮವ್ವ ಗಾಜು ಹೊತ್ತುಕೊಂಡು ಬಂದಳು. ತೊಳೆದು ಒರೆಸಿದ್ದಳು. ಮೂಲೆಯಲ್ಲಿ ಮಾತ್ರ ತುಸು ಹಳದಿ ಉಳಿದಿತ್ತು. ಗೋಡೆಗೆ ಆನಿಸಿ ನಿಲ್ಲಿಸಿ, ಕೌಂಟರಿನ ಮೇಲಿನ ಪೇಪರನ್ನು ಸರಿಸಿದಳು.

“ಅದ ಕೊಡು” ಎಂದಳು.

ನಾನು ಅವಸರದಿಂದ ಬ್ಲೂ ಟ್ಯೂಬು ತೆಗೆದೆ. “ಸೋಮಕ್ಕ, ಆವತ್ತ ನಾ...”

“ಅದು ನಿನ್ನ ಹತ್ರ ಇರಲಿ. ನನಗಿನ್ನ ಬೇಕಾಗೂದಿಲ್ಲ. ಕೀಲಿ ಕೊಡು.”

“ಯಾವ ಕೀಲಿ?” ಎಂದೆ. ನಾಚಿಕೆಗೆಟ್ಟವನ ಬಾಯಿ ನೋಡಿ, ಆಗಲೂ ಕೇಳಿತು.

“ನನ್ನ ಶೆಡ್ಡಿಗಂತ ತಂದದ್ದು. ನಂದು ಹಳೇ ಕೀಲಿ, ಜಗ್ಗಿದ್ರ ತೆರೀತೈತಿ. ಶೆಡ್ಡಿಗಂತ ತಂದದ್ದು ಶೆಡ್ಡಿಗೇ ಹಾಕತೇನಿ.”

ಕೊಟ್ಟೆ. ಕವರಿನಿಂದ ತೆಗೆದು, ಕೀಲಿಯನ್ನು ಎರಡು ಸಲ ತೆರೆದು ಹಾಕಿ, ಸದ್ದು ಕೇಳಿದಳು. ಒಂದು ಕೀಲಿಕೈ ಅದರಲ್ಲೇ ಇತ್ತು. ಮತ್ತೆ ಕೈ ಚಾಚಿದಳು. ಬೆರಳ ಸಂದಿಯಲ್ಲಿ ಭಂಡಾರ ಇನ್ನೂ ಹೋಗಿರಲಿಲ್ಲ.

“ಇನ್ನೊಂದು ಕೀಲಿಕೈನೂ ಕೊಡು, ಪರಮೇಶಣ್ಣ.”